ಭಾನುವಾರ ನಂದಿ ಹಾಲ್ಟ್‌ಗೆ: ಬರುವವರು ಶುಕ್ರವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿರುವ ನಂದಿ ಹಾಲ್ಟ್ ಹಳೇ ಸ್ಟೇಷನ್ ನೋಡಲು ಹೋಗುತ್ತಿದ್ದೇವೆ. 6.30ಕ್ಕೆ ಯಲಹಂಕ ಸ್ಟೇಷನ್ ಮುಂದೆ ಸೇರೋಣ. ಅಲ್ಲಿಂದ ಕಾರುಗಳಲ್ಲಿ. ದಾರಿಯಲ್ಲಿ ದೊಡ್ಡಜಾಲದ ಹಳೇ ಸ್ಟೇಷನ್ನಿನ ಕಲ್ಲು ಕಟ್ಟಡವನ್ನೂ ನೋಡಿಕೊಂಡು ಹೋಗೋಣ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರಲ್ಲಿ ರೈಲು ಬಂತು. ಆಗಿನದು ನ್ಯಾರೋ ಗೇಜ್, ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಈಗಿನ ಬ್ರಾಡ್ ಗೇಜ್ ಐದೂವರೆ ಅಡಿ, ಅಂದರೆ ಎರಡು ಪಟ್ಟಿಗೂ ಜಾಸ್ತಿ! ಆಮೇಲೆ ಈ ದಾರಿ ಕೋಲಾರದ ಕಡೆಗೂ ಮುಂದುವರಿಯಿತು. ಚಿಕ್ಕಬಳ್ಳಾಪುರ–ಕೋಲಾರ ಭಾಗ ಬ್ರಾಡ್ ಗೇಜ್ ಆಗಿ ರೈಲು ಓಡಿದ್ದು 2013ರಲ್ಲಿ. ಹಳಿ ಬದಲಾಯಿತು, ಪುಟ್ಟ ಸ್ಟೇಷನ್‌ಗಳು ಪಾಳು ಬಿದ್ದವು. ನಂದಿ ಹಾಲ್ಟ್‌ನದ್ದು ಅದೃಷ್ಟ, ಹಳೇ ಕಟ್ಟಡ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ದುರಸ್ತಿ ಮಾಡಿದ್ದಾರೆ. ದಪ್ಪ ಕಲ್ಲಿನ ಗೋಡೆ, ಹೆಂಚಿನ ಮಾಡು. ಟಿಕೆಟ್ ಕೊಡುತ್ತಿದ್ದ ಕಿಟಕಿ ಎಲ್ಲಿತ್ತು ಅಂತ ಹುಡುಕೋದೇ ನನಗೆ ಖುಷಿ.

ಒಂದು ಮಾತು. ದಯವಿಟ್ಟು ಹಳಿ ಮೇಲೆ ನಿಂತು ಫೋಟೋ ಬೇಡ. ಕಟ್ಟಡ ಹಳೆಯದು, ಹಳಿ ಹಳೆಯದಲ್ಲ! ಪಕ್ಕದಲ್ಲೇ ರೈಲು ಓಡುತ್ತೆ. ಹೋದ ಸಲ ಒಬ್ಬರು ಸೆಲ್ಫಿ ತೆಗೆಯುತ್ತಿದ್ದಾಗ ಹಾರ್ನ್ ಕೇಳಿಸಿ ನಮ್ಮೆಲ್ಲರ ಎದೆ ಝಲ್ ಅಂದಿತ್ತು.

ತಿಂಡಿ, ನೀರು, ಟೋಪಿ ನಿಮ್ಮದೇ. ಮನೆಯಲ್ಲಿ ಹಳೇ ರಟ್ಟಿನ ಟಿಕೆಟ್, ಫೋಟೋ ಇದ್ದರೆ ತನ್ನಿ. ಆ ಚಿಕ್ಕ ರೈಲಿನಲ್ಲಿ ಓಡಾಡಿದ ಅಜ್ಜ ಅಜ್ಜಿ ಇದ್ದರೆ ಅವರನ್ನೇ ಕರೆತಂದರೆ ಇನ್ನೂ ಒಳ್ಳೆಯದು, ಕಾರಿನಲ್ಲಿ ಮುಂದಿನ ಸೀಟು ಅವರಿಗೇ.

ಬರುವವರು ಎಷ್ಟು ಜನ, ಕಾರಿನಲ್ಲಿ ಜಾಗ ಇದೆಯಾ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ, ಲೆಕ್ಕ ಸಿಗಲ್ಲ.