ಮೊದಲ ಸಹಿ ನನ್ನದು

ಪ್ರೀತಿಯ ಗೆಳೆಯ,

ಮಗನನ್ನು ಮಾಂಟೆಸ್ಸರಿ ಶಾಲೆಗೆ ಸೇರಿಸಬಹುದೇ ಎಂದು ಕೇಳಿ ನೀನು ಬರೆದು ಮೂರು ವಾರವಾಯಿತು. ತಡವಾದದ್ದಕ್ಕೆ ಬಯ್ಯಬೇಡ. ಎರಡು ಸಲ ಉತ್ತರ ಬರೆಯಲು ಕುಳಿತು ಅರ್ಧಕ್ಕೇ ಎದ್ದುಬಿಟ್ಟೆ. ಈ ಸಲ ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹೊತ್ತು ತಿರುಗುವ ತಂದೆ ತಾಯಿಯರು ಬಹಳ ಮಂದಿ ಇದ್ದಾರೆ. ಮೇಲಾಗಿ, ನಾಲ್ಕು ಜನರ ಎದುರು ನಿಂತರೆ ನಾನು ಮಾತು ತಿರುಗಿಸುವುದಿಲ್ಲ; ನೀರಿನ ಟ್ಯಾಂಕಿನ ಪ್ರಕರಣದಲ್ಲಿ ನೀನೇ ನೋಡಿದ್ದೀಯಲ್ಲ.

ಮೊದಲಿಗೆ, ಫಲಕದ ಮೇಲಿನ ಹೆಸರನ್ನಷ್ಟೇ ನೋಡಿ ನಂಬಬೇಡ. ಮರಿಯಾ ಮಾಂಟೆಸ್ಸರಿ ಎಂಬ ಇಟಲಿಯ ವೈದ್ಯೆ 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಮಕ್ಕಳಿಗಾಗಿ ಹುಟ್ಟಿದ ಮನೆ ಅದು. ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘವನ್ನೂ ಅವರೇ 1929ರಲ್ಲಿ ಕಟ್ಟಿದರು. ಶಿಕ್ಷಕರಿಗೆ ಅದು ತರಬೇತಿ ಕೊಡುತ್ತದೆ. ಆದರೆ ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಆ ಪದ್ಧತಿಯಲ್ಲಿ ಮಕ್ಕಳು ಒಂದರ ಮೇಲೊಂದು ಪೇರಿಸುವ ‘ಗುಲಾಬಿ ಗೋಪುರ’ದ ಹತ್ತು ಘನಗಳನ್ನು ಕೊಂಡು ಕಪಾಟಿನಲ್ಲಿಟ್ಟವರೂ ಅದೇ ಹೆಸರಿನ ಫಲಕ ಹಾಕಿಕೊಳ್ಳಬಹುದು.

ನಮ್ಮ ಶಾಲೆ ಅಂಥದ್ದಾಗಿರಲಿಲ್ಲ. ಮಗಳಿಗೆ ಮೂರು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ತರಗತಿಯ ಮೂಲೆಯಲ್ಲಿ ಕುಳಿತು ನೋಡಲು ನನಗೆ ಅನುಮತಿ ಸಿಕ್ಕಿತು. ಅವಳು ಚಾಪೆ ಬಿಡಿಸಿ ಮರದ ದಿಮ್ಮಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅದರಲ್ಲಿ ಹತ್ತು ಕುಳಿಗಳು, ಒಂದೊಂದಕ್ಕೂ ಅದರದೇ ಅಳತೆಯ ಹಿಡಿಯುಳ್ಳ ಮರದ ಉರುಳೆ. ಒಂದನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೊಂದು ಎಲ್ಲಿಯೂ ಕೂರದೆ ಕೈಯಲ್ಲಿ ಉಳಿಯುತ್ತದೆ. ಉಳಿಯಿತು. ಅವಳು ಅದನ್ನು ಹಿಡಿದು ಸುಮ್ಮನೆ ಕುಳಿತಳು. ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಹಿರಿಯ ಶಿಕ್ಷಕಿ ನಾಲ್ಕು ಹೆಜ್ಜೆ ದೂರದಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮಗಳು ಅವರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವಳ ಕಣ್ಣು ಮರದಲ್ಲಿತ್ತು. ಎಲ್ಲವನ್ನೂ ತೆಗೆದು ಮತ್ತೆ ಮೊದಲಿನಿಂದ ಶುರುಮಾಡಿದಳು. ಮೂರು ವರ್ಷದ ಹುಡುಗಿಯೊಬ್ಬಳು ಇದೇ ಉರುಳೆಗಳನ್ನು ನಲವತ್ತಕ್ಕೂ ಹೆಚ್ಚು ಸಲ ತೆಗೆದು ಜೋಡಿಸಿದ್ದನ್ನು ಮಾಂಟೆಸ್ಸರಿ ಬರೆದಿಟ್ಟಿದ್ದಾರೆ. ಆ ಬೆಳಿಗ್ಗೆ ನನಗೆ ಅದರಲ್ಲಿ ಅನುಮಾನವೇ ಉಳಿಯಲಿಲ್ಲ.

ಇನ್ನೊಂದು ಮುಖವೂ ಇದೆ. ಅದೇ ಶಾಲೆಯಲ್ಲಿ ಒಂದು ಮಗು ನಾಲ್ಕು ತಿಂಗಳು ಒಂದು ಹೂಜಿಯಿಂದ ಇನ್ನೊಂದಕ್ಕೆ ನೀರು ಸುರಿಯುತ್ತಲೇ ಇತ್ತು, ಮುಂದಿನದನ್ನು ಯಾರೂ ತೋರಿಸಿಕೊಡಲಿಲ್ಲ. ತಾಯಿ ಕೇಳಿದಾಗಲೆಲ್ಲ ‘ಮಗುವನ್ನು ಗಮನಿಸುತ್ತಿದ್ದೇವೆ’ ಎಂಬ ಒಂದೇ ಉತ್ತರ. ಬಿಡುವುದಕ್ಕೂ ಕೈಬಿಡುವುದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಆಕೆ ಮಗುವನ್ನು ಬೇರೆ ಶಾಲೆಗೆ ಸೇರಿಸಿದರು, ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಅದೇ ಕೋಣೆಯಲ್ಲಿ, ಎಲ್ಲಿಯೂ ಎರಡು ನಿಮಿಷ ನಿಲ್ಲದಿದ್ದ ಹುಡುಗನೊಬ್ಬ ಅರ್ಧ ಗಂಟೆ ಕುಳಿತು ಹಿತ್ತಾಳೆಯ ಗಂಟೆ ಉಜ್ಜಿ ಹೊಳೆಯಿಸುತ್ತಿದ್ದ. ಅವನ ತಾಯಿಗೆ ಅದನ್ನು ಹೇಳುವಾಗ ಕಣ್ಣು ತುಂಬುತ್ತಿತ್ತು.

ಎರಡನೆಯ ವರ್ಷದ ಹೊತ್ತಿಗೆ ಆ ಶಾಲೆ ಕೆಟ್ಟಿತು ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. ಬೆಳಗಿನ ಮೂರು ಗಂಟೆಯ ಅಖಂಡ ಸಮಯವನ್ನು ನಲವತ್ತು ನಿಮಿಷಗಳ ಅವಧಿಗಳಾಗಿ ಕತ್ತರಿಸಿದರು, ಮೂರರಿಂದ ಆರು ವರ್ಷದವರೆಗೆ ಒಟ್ಟಿಗೇ ಇದ್ದ ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿದರು, ಕಾಪಿ ಪುಸ್ತಕ ಬಂತು, ತಿಂಗಳ ಪರೀಕ್ಷೆ ಬಂತು, ಹಿರಿಯ ಶಿಕ್ಷಕಿ ಬಿಟ್ಟುಹೋದರು. ಇಷ್ಟೂ ನಿಜ. ಆದರೆ ಅದೆಲ್ಲ ಏಕೆ ಆಯಿತೆಂದು ನಿನಗೆ ಹೇಳಲಿಲ್ಲ.

ನಾವು ಕೇಳಿದೆವು, ಅವರು ಕೊಟ್ಟರು. ಹದಿನೇಳು ಮಂದಿ ಪೋಷಕರು ಸೇರಿ ಅರ್ಜಿ ಕೊಟ್ಟೆವು. ಮಕ್ಕಳು ದಿನವಿಡೀ ಮೇಜು ಒರೆಸುತ್ತಾರೆ, ಬರವಣಿಗೆ ಬೇಕು, ಮನೆಪಾಠ ಬೇಕು, ಅಂಕಗಳು ಬೇಕು. ಖಾಸಗಿ ಶಾಲೆ, ಹದಿನೇಳು ಮಕ್ಕಳು ಒಟ್ಟಿಗೆ ಹೋದರೆ ನಡೆಸುವುದು ಹೇಗೆ? ಆ ಅರ್ಜಿ ಬರೆದವನು ನಾನು. ಮೊದಲ ಸಹಿ ನನ್ನದು.

ಮಗಳಿಗಾಗಿ ಬರೆದೆ ಎಂದು ಬಹಳ ದಿನ ನಂಬಿದ್ದೆ. ಅಲ್ಲ. ನೆಂಟರ ಮನೆಯಲ್ಲಿ ಅವಳ ಓರಗೆಯ ಹುಡುಗ ನೂರರವರೆಗೆ ಬರೆದು ತೋರಿಸಿದ. ನಿನ್ನ ಮಗಳು ಏನು ಕಲಿತಳು ಎಂದು ಕೇಳಿದರು. ಅವಳು ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾಳೆ, ಕಣ್ಣು ಮುಚ್ಚಿ ಮುಟ್ಟಿ ಗುರುತಿಸುತ್ತಾಳೆ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಅರ್ಜಿ ಹುಟ್ಟಿತು, ಗೆಳೆಯ. ಮನೋವಿಜ್ಞಾನಿ ಆಂಜಲಿನ್ ಲಿಲ್ಲಾರ್ಡ್ 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ್ದು ಆಮೇಲೆ. ಮಾಂಟೆಸ್ಸರಿ ಪರಿಕರಗಳ ಜೊತೆಗೆ ಹಾಳೆ ತುಂಬುವ ಅಭ್ಯಾಸದಂಥವನ್ನೂ ಬೆರೆಸಿದ ತರಗತಿಗಳಿಗಿಂತ, ಏನೂ ಬೆರೆಸದೆ ಆ ಪದ್ಧತಿಯನ್ನೇ ನಡೆಸಿದ ತರಗತಿಗಳಲ್ಲಿ ಒಂದು ವರ್ಷದಲ್ಲಿ ಮಕ್ಕಳ ಪ್ರಗತಿ ಹೆಚ್ಚಾಗಿತ್ತಂತೆ.

ಕಳೆದ ಭಾನುವಾರ ಮಗಳು ನನ್ನೆದುರು ಕುಳಿತು ಲೆಕ್ಕ ಮಾಡುತ್ತಿದ್ದಳು. ಒಂದು ಅಂಕೆ ಬರೆದಳು, ತಲೆಯೆತ್ತಿ ನನ್ನ ಮುಖ ನೋಡಿದಳು. ಇನ್ನೊಂದು ಬರೆದಳು, ಮತ್ತೆ ನೋಡಿದಳು. ನಾನು ಬೇಕೆಂದೇ ಮುಖದಲ್ಲಿ ಏನೂ ತೋರಿಸದೆ ಕುಳಿತೆ. ಪೆನ್ಸಿಲ್ ನಿಂತಿತು. “ಸರಿಯಾಗಿದೆಯಾ ಅಪ್ಪ?” ಎಂದಳು. ಸರಿಯಾಗಿಯೇ ಇತ್ತು. ಮೂರು ವರ್ಷದಲ್ಲಿ ಯಾರನ್ನೂ ಕೇಳದೆ ತನ್ನ ತಪ್ಪು ತಾನೇ ಹುಡುಕಿದವಳು ಐದೂವರೆಗೆ ಸರಿಯಾದ ಉತ್ತರಕ್ಕೂ ನನ್ನ ಮುಖ ನೋಡುತ್ತಾಳೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಿರಿಯ ಶಿಕ್ಷಕಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕೆಂದಿದ್ದೇನೆ. ಸಂಖ್ಯೆ ಇದೆ. ಇನ್ನೂ ಮಾಡಿಲ್ಲ.

ಸೇರಿಸು ಎನ್ನುತ್ತೇನೆ, ಆದರೆ ಮೊದಲು ಅಲ್ಲಿ ಒಂದು ಇಡೀ ಬೆಳಿಗ್ಗೆ ಕುಳಿತು ನೋಡು. ಸಣ್ಣವರೂ ದೊಡ್ಡವರೂ ಒಂದೇ ಕೋಣೆಯಲ್ಲಿದ್ದಾರೆಯೇ, ಪ್ರತಿ ಪರಿಕರವೂ ಒಂದೊಂದೇ ಇದ್ದು ಮಕ್ಕಳು ಸರದಿಗೆ ಕಾಯುತ್ತಾರೆಯೇ, ಮಗು ತಪ್ಪಿದಾಗ ಶಿಕ್ಷಕಿಯ ಕೈ ಎಲ್ಲಿ ಹೋಗುತ್ತದೆ, ಅಷ್ಟನ್ನು ಗಮನಿಸಿದರೆ ಸಾಕು. ಶಿಕ್ಷಕಿಯರ ತರಬೇತಿಯ ಬಗ್ಗೆ ಮುಜುಗರಪಡದೆ ಕೇಳು, ಹಿಂದಿನವರು ಏಕೆ ಬಿಟ್ಟರೆಂದೂ ಕೇಳು. ಆಮೇಲೆ ನೀವಿಬ್ಬರೂ ಕುಳಿತು, ಒಂದು ವರ್ಷ ನೆಂಟರಿಗೆ ತೋರಿಸಲು ಒಂದು ಹಾಳೆಯೂ ಇಲ್ಲದಿದ್ದರೆ ತಡೆದುಕೊಳ್ಳುತ್ತೀರಾ ಎಂದು ಮಾತಾಡಿಕೊಳ್ಳಿ.

ಇಷ್ಟೆಲ್ಲ ಬರೆಯಬೇಕೆಂದುಕೊಂಡಿರಲಿಲ್ಲ. ಹೋಗಲಿ, ನಿನ್ನ ಮಗ ಆ ಕೆಂಪು ಟೋಪಿಯನ್ನು ಇನ್ನೂ ಹಿಂದುಮುಂದಾಗಿಯೇ ಹಾಕಿಕೊಳ್ಳುತ್ತಾನೆಯೇ? ಸರಿಮಾಡಲು ಹೋಗಬೇಡ. ರಜೆಯಲ್ಲಿ ಅವನನ್ನು ಕರೆದುಕೊಂಡು ಬಾ. ಚಾಪೆ ಸುತ್ತುವುದನ್ನು ತಾನೇ ಕಲಿಸುತ್ತೇನೆಂದು ನನ್ನ ಮಗಳು ಹೇಳಿದ್ದಾಳೆ, ನಾವಿಬ್ಬರೂ ಆ ಕೋಣೆಗೆ ಬರಬಾರದಂತೆ. ಮಹಡಿಯ ಮೇಲೆ ಹೋಗಿ ಕೂರೋಣ. ಟ್ಯಾಂಕಿನ ಹತ್ತಿರ ಮಾತ್ರ ಬೇಡ.

ನಿನ್ನ,
ಮೂರನೆಯ ಬೆಂಚಿನವನು