ಮೀನಿನ ಟ್ಯಾಂಕ್‌ನ ಹುಡ್ ಒಳಗೆ ನೀರಹನಿ: ಈ ಭಾನುವಾರದೊಳಗೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಚಳಿ ಶುರುವಾಗಿದೆ. ರಾತ್ರಿ ಹೊರಗೆ 15–16 ಡಿಗ್ರಿ, ಹೀಟರ್ ಹಾಕಿದ ಟ್ಯಾಂಕ್ ನೀರು 26. ಆವಿ ತಣ್ಣನೆ ಹುಡ್‌ಗೆ (ಲೈಟ್ ಇರುವ ಮುಚ್ಚಳಕ್ಕೆ) ತಾಗಿ ಹನಿಯಾಗಿ ಲೈಟ್ ಹೋಲ್ಡರ್ ಮೇಲೇ ಇಳಿಯುತ್ತದೆ. ಪಿನ್ ಸುತ್ತ ಹಸಿರು ಕಿಲುಬು ಕಂಡರೆ ದಯವಿಟ್ಟು ಆ ಲೈಟ್ ಹಾಕಲೇಬೇಡಿ.

ಮೊದಲು ಪ್ಲಗ್ ತೆಗೆದು ಹುಡ್ ಒಣಬಟ್ಟೆಯಲ್ಲಿ ಒರೆಸಿ. ನೀರಿಗೂ ಲೈಟಿಗೂ ನಡುವೆ 4 ಮಿ.ಮೀ. ಗಾಜು ಇಡಿ, ಸ್ವಲ್ಪ ಓರೆಯಾಗಿ. ಹನಿ ಜಾರಿ ವಾಪಸ್ ಟ್ಯಾಂಕ್‌ಗೇ ಬೀಳುತ್ತದೆ. ಹಿಂದೆ ಎರಡು ಬೆರಳು ಸಂದು ಬಿಡಿ. ಬಹುಪಾಲು ಟ್ಯಾಂಕ್‌ಗೆ ಇಷ್ಟೇ ಸಾಕು.

ಆಮೇಲೂ ಹನಿ ಕಟ್ಟಿದರೆ ಹುಡ್‌ನ ಒಂದು ತುದಿಗೆ 12 ವೋಲ್ಟ್, 80 ಮಿ.ಮೀ. ಕಂಪ್ಯೂಟರ್ ಫ್ಯಾನ್, ಇನ್ನೊಂದು ತುದಿಗೆ ಗಾಳಿ ಬರಲು ತೂತು. ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳಬೇಕು. ನೀರಿನ ಮೇಲೆ ಊದಿದರೆ ನೀರು ತಣ್ಣಗಾಗಿ ಹೀಟರ್‌ಗೆ ಬಿಡುವೇ ಇರುವುದಿಲ್ಲ. ಹನಿ ಸಾಕೆಟ್‌ಗೆ ಹರಿಯದಂತೆ ವೈರ್ ಸಾಕೆಟ್‌ಗಿಂತ ಕೆಳಗೆ ಜೋತು ಮೇಲೇರಲಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು.

ಫೈಟರ್, ಗುರಾಮಿ ಮೀನು ಇರುವವರು ಮುಚ್ಚಳ ಪೂರ್ತಿ ತೆಗೆಯಬೇಡಿ. ಅವು ಮೇಲೆ ಬಂದು ಎಳೆದುಕೊಳ್ಳುವ ಗಾಳಿ ಬೆಚ್ಚಗಿರಬೇಕು.

ಗಾಜು ಬೇಕಾದವರು ಶುಕ್ರವಾರದೊಳಗೆ ಉದ್ದ, ಅಗಲ ಇಲ್ಲಿ ಹಾಕಿ, ಒಟ್ಟಿಗೆ ಕಟ್ ಮಾಡಿಸೋಣ. ಉಳಿದವರು ಹುಡ್ ಒಳಗಿನ ಒಂದು ಫೋಟೊ ಕಳಿಸಿ.