ಪದಕದ ಪಟ್ಟಿಗೂ ಮೊದಲು ಆಟದ ಆಸೆಯನ್ನು ಅಳೆಯಿರಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

2022ರಲ್ಲಿ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಮ್ಮ ಬೆಂಗಳೂರಿನಲ್ಲಿ ನಡೆದಾಗ, ಓಟಗಾರರ ವೇಗವನ್ನು ಸೆಕೆಂಡಿನ ನೂರನೇ ಭಾಗದವರೆಗೂ ಅಳೆದೆವು. ಆದರೆ ಓಡುವುದು ಅವರಿಗೆ ಖುಷಿ ಕೊಡುತ್ತದೆಯೇ ಎಂದು ಅಳೆಯುವ ಪರಿಪಾಠ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಬೆಳೆದಿಲ್ಲ. ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ದುಡಿದವನು ನಾನು. ಕ್ರೀಡಾ ಕೋಟಾದಡಿ ಸೀಟು ಪಡೆದು, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಪದವಿ ಕೈಸೇರಿದ ಮೇಲೆ ಮತ್ತೆಂದೂ ಅಂಕಣಕ್ಕಿಳಿಯದ ಪ್ರತಿಭಾವಂತರನ್ನು ಕಂಡಿದ್ದೇನೆ. ಯಾವ ತಂಡಕ್ಕೂ ಆಯ್ಕೆಯಾಗದಿದ್ದರೂ ಕತ್ತಲಾಗುವವರೆಗೆ ವಾಲಿಬಾಲ್ ಆಡುತ್ತಿದ್ದವರನ್ನೂ ಕಂಡಿದ್ದೇನೆ. ನಮ್ಮ ವಾರ್ಷಿಕ ವರದಿಗಳಲ್ಲಿ ಮೊದಲಿನವರಿಗೆ ಜಾಗವಿದೆ, ಎರಡನೆಯವರಿಗೆ ಇಲ್ಲ.

ಆಟಕ್ಕಾಗಿಯೇ ಆಡುವ ಈ ಒಳಪ್ರೇರಣೆಯನ್ನು ಪ್ರತಿ ವರ್ಷ ಅಳೆಯುವ ವ್ಯವಸ್ಥೆಯೊಂದನ್ನು ರೂಪಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರೇರಣೆಯನ್ನು ಅಳೆಯುವುದು ಹೇಗೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ಗಮನಿಸಲಿ. ಕಾಲೇಜು ವಿದ್ಯಾರ್ಥಿಗಳಿಗೆ ಜೋಡಿಸುವ ಒಗಟುಗಳನ್ನು ಕೊಟ್ಟು, ನಡುವೆ ಕೆಲಹೊತ್ತು ಅವರನ್ನು ಅವರ ಪಾಡಿಗೆ ಬಿಡಲಾಯಿತು. ಪಕ್ಕದಲ್ಲೇ ಪತ್ರಿಕೆಗಳಿದ್ದವು, ಏನು ಬೇಕಾದರೂ ಮಾಡಬಹುದಿತ್ತು. ಒಗಟು ಬಿಡಿಸಿದ್ದಕ್ಕೆ ಹಣ ಪಡೆದವರು, ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದರ ಗೊಡವೆಗೆ ಹೋಗುವುದು ಕಡಿಮೆಯಾಯಿತು. ಯಾರೂ ಹೇಳದಿದ್ದಾಗ, ಏನೂ ಸಿಗದಿದ್ದಾಗ ಒಬ್ಬ ವ್ಯಕ್ತಿ ಏನು ಮಾಡುತ್ತಾನೆ ಎಂಬುದೇ ಅಲ್ಲಿ ಅಳತೆಗೋಲಾಗಿತ್ತು.

ಕ್ರೀಡಾ ವಿದ್ಯಾರ್ಥಿವೇತನಕ್ಕೂ ಈ ಮಾತು ಅನ್ವಯಿಸುತ್ತದೆಯೇ? ಇ. ಡೀನ್ ರಯಾನ್ ಎಂಬ ಸಂಶೋಧಕರು 1977 ಮತ್ತು 1980ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಆಟಗಾರರನ್ನು ವಿಚಾರಿಸಿದಾಗ, ವಿದ್ಯಾರ್ಥಿವೇತನ ಪಡೆಯುತ್ತಿದ್ದ ಅಮೆರಿಕನ್ ಶೈಲಿಯ ಫುಟ್‌ಬಾಲ್ ಆಟಗಾರರಲ್ಲಿ ಆಟದ ಸಂತೋಷ ಕಡಿಮೆಯಿರುವುದು ಕಂಡುಬಂತು. ಕುಸ್ತಿಪಟುಗಳಲ್ಲಿ ಹಾಗಾಗಲಿಲ್ಲ. ಆ ಕಾಲದ ಫುಟ್‌ಬಾಲಿನಲ್ಲಿ ವಿದ್ಯಾರ್ಥಿವೇತನ ಬಹುಮಂದಿಗೆ ಸಿಗುತ್ತಿತ್ತು, ಕುಸ್ತಿಯಲ್ಲಿ ಕೆಲವರಿಗೆ ಮಾತ್ರ. ಹಾಗಾಗಿ ಕುಸ್ತಿಪಟುವಿಗೆ ಅದು ತನ್ನ ಸಾಮರ್ಥ್ಯಕ್ಕೆ ಸಂದ ಮನ್ನಣೆಯಾಗಿ ಕಂಡಿತು ಎಂಬುದು ಇದಕ್ಕೆ ಕೊಡಲಾದ ವಿವರಣೆ. ಆದ್ದರಿಂದ ಕ್ರೀಡಾ ವಿದ್ಯಾರ್ಥಿವೇತನವನ್ನು ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಬಡ ಮನೆಯ ಎಷ್ಟೋ ಹುಡುಗಿಯರು ಕಬಡ್ಡಿ, ಖೋ ಖೋ ಬಲದಿಂದಲೇ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಅದು ಅವರನ್ನು ಹುರಿದುಂಬಿಸುತ್ತಿದೆಯೋ ಕಟ್ಟಿಹಾಕುತ್ತಿದೆಯೋ ಎಂಬುದು ನಮಗೆ ತಿಳಿಯಬೇಕು.

ಇದಕ್ಕೆ ಸಾಧನಗಳು ಸಿದ್ಧವಾಗಿವೆ. ಸಂಶೋಧಕ ಪೆಲ್ಲೆಟಿಯರ್ ಮತ್ತು ಸಂಗಡಿಗರು 1995ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕ್ರೀಡಾ ಪ್ರೇರಣಾ ಮಾಪಕದಲ್ಲಿ 28 ಹೇಳಿಕೆಗಳಿವೆ. ಕಲಿಯುವ ಕುತೂಹಲ, ಸಾಧಿಸುವ ತೃಪ್ತಿ ಮತ್ತು ಮೈಮನಸ್ಸಿನ ರೋಮಾಂಚನವನ್ನು ಅದು ಬೇರೆಬೇರೆಯಾಗಿ ಅಳೆಯುತ್ತದೆ. ಬಹುಮಾನದಾಸೆ, ಅಪರಾಧಿ ಭಾವ ಮತ್ತು ಏಕೆ ಆಡುತ್ತಿದ್ದೇನೋ ತಿಳಿಯದು ಎಂಬ ಸ್ಥಿತಿಯನ್ನೂ ಗುರುತಿಸುತ್ತದೆ. ಇದರ ಜೊತೆಗೆ ಒಳಪ್ರೇರಣಾ ತಪಶೀಲು ಎನ್ನಬಹುದಾದ ಇನ್ನೊಂದು ಪ್ರಶ್ನಾವಳಿಯಿದೆ. ಅದರಲ್ಲಿ ಶ್ರಮ, ಒತ್ತಡ, ಆಯ್ಕೆಯ ಸ್ವಾತಂತ್ರ್ಯ ಮುಂತಾದ ವಿಭಾಗಗಳಿದ್ದರೂ ಆಸಕ್ತಿ ಮತ್ತು ಆನಂದದ ವಿಭಾಗವೊಂದೇ ಒಳಪ್ರೇರಣೆಯನ್ನು ನೇರವಾಗಿ ಅಳೆಯುವಂಥದ್ದು. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಕೈಗೆ ಸಿಗುವ ಅಂಕಿಗೆ ಅರ್ಥವಿರುವುದಿಲ್ಲ.

ಇವನ್ನು ಕನ್ನಡಕ್ಕೆ ತರುವುದು ಗುಮಾಸ್ತರ ಕೆಲಸವಲ್ಲ. ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳ ಮನೋವಿಜ್ಞಾನ ಹಾಗೂ ದೈಹಿಕ ಶಿಕ್ಷಣ ವಿಭಾಗಗಳಿಗೆ ಜಂಟಿಯಾಗಿ ವಹಿಸಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ. ಬೆಂಗಳೂರಿನ ಹುಡುಗನೂ ಯಾದಗಿರಿಯ ಹುಡುಗಿಯೂ ಒಂದು ಹೇಳಿಕೆಯನ್ನು ಒಂದೇ ಬಗೆಯಲ್ಲಿ ಗ್ರಹಿಸುತ್ತಾರೆಯೇ ಎಂದು ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆಯೇ ಹೋಲಿಕೆಗೆ ಇಳಿಯಲಿ.

ನನಗಿರುವ ದೊಡ್ಡ ಭಯವನ್ನು ಇಲ್ಲಿ ಹೇಳಬೇಕು. ಈ ಅಂಕಿಗಳು ಆಂತರಿಕ ಮೌಲ್ಯಮಾಪನಕ್ಕೋ ತಂಡದ ಆಯ್ಕೆಗೋ ತಳುಕು ಹಾಕಿಕೊಂಡ ದಿನವೇ ವಿದ್ಯಾರ್ಥಿಗಳು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ತರಬೇತುದಾರ ಎದುರು ನಿಂತಿರುವಾಗ, ಹಾಳೆಯ ಮೇಲೆ ನೋಂದಣಿ ಸಂಖ್ಯೆ ಬರೆದಿರುವಾಗ, ನನಗೆ ಈ ಆಟ ಬೇಸರ ತಂದಿದೆ ಎಂದು ಯಾವ ಆಟಗಾರ್ತಿ ಬರೆದಾಳು? ಹೆಸರಿಲ್ಲದೆ ಉತ್ತರಿಸುವ ಅವಕಾಶವಿರಲಿ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಯೋಚನೆಯೇ ಬೇಡ.

ಪ್ರಶ್ನಾವಳಿಯ ಜೊತೆಗೆ ಡೆಸಿಯವರ ವಿಧಾನವನ್ನೂ ನಮ್ಮ ಮೈದಾನಗಳಿಗೆ ತನ್ನಿ. ಸಂಜೆ ತರಗತಿ ಮುಗಿದ ಮೇಲೆ ಮೈದಾನದ ಗೇಟು ತೆರೆದಿಡಿ, ಚೆಂಡು ಮತ್ತು ಬಲೆಗಳನ್ನು ಹೊರಗಿಡಿ, ಹಾಜರಿ ಬೇಡ, ಶಿಳ್ಳೆ ಬೇಡ. ತಾವಾಗಿಯೇ ಯಾರು ಬರುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ ಎಂದು ಎಣಿಸಿ. ಆದರೆ ಬಾರದವರಿಗೆ ಆಸಕ್ತಿಯಿಲ್ಲ ಎಂದು ಷರಾ ಬರೆಯುವ ಮೊದಲು ಊರಿನ ಕೊನೆಯ ಬಸ್ ಎಷ್ಟು ಹೊತ್ತಿಗೆ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಕೋಣೆಯಿದೆಯೇ, ದೀಪ ಉರಿಯುತ್ತಿದೆಯೇ ಎಂಬುದನ್ನೂ ಅದೇ ಹಾಳೆಯಲ್ಲಿ ದಾಖಲಿಸಬೇಕು. ಅವಕಾಶವಿಲ್ಲದ ಕಡೆ ಆಸೆಯನ್ನು ಅಳೆದರೆ ತಪ್ಪು ನಮ್ಮದು, ಮಕ್ಕಳದ್ದಲ್ಲ.

ಮುಂದಿನ ಶೈಕ್ಷಣಿಕ ವರ್ಷ ಈ ಮೂರು ವಿಶ್ವವಿದ್ಯಾಲಯಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಕ್ಷೇತ್ರಕಾರ್ಯಕ್ಕೆ ನನ್ನಂಥ ನಿವೃತ್ತರನ್ನು ಕರೆದರೆ ಸಂಭಾವನೆಯಿಲ್ಲದೆ ಬಂದು ದುಡಿಯಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ